ಹಜಾರದ ತಲೆನೋವು

ಕೊರಟಗೆರೆಯ ಪೇಟೆ ಬೀದಿಯ ಪರ್ವತಯ್ಯನವರ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವುದು ನಿಂತು ಎರಡು ವರ್ಷವಾಗಿತ್ತು. ಸಾಸಿವೆ ಸಿಡಿಯುವ ಸದ್ದು, ಒಣಮೆಣಸಿನಕಾಯಿಯ ಘಾಟು ಎರಡೂ ಅವರ ತಲೆಗೆ ಆಗುತ್ತಿರಲಿಲ್ಲ. ಅವರ ಹೆಂಡತಿ ಕಮಲಾಕ್ಷಮ್ಮ ಬೆಂದ ಬೇಳೆಗೆ ಖಾರದ ಪುಡಿ, ಹುಣಸೆ ರಸ ಬೆರೆಸಿ ಒಂದು ಕುದಿ ಬರಿಸಿ ಇಳಿಸಿಬಿಡುತ್ತಿದ್ದರು. ಉಣ್ಣುವವರು ಮೊದಮೊದಲು ಮುಖ ಕಿವುಚುತ್ತಿದ್ದರು. ಆಮೇಲೆ ಒಗ್ಗರಣೆಯ ರುಚಿಯೇ ಮರೆತುಹೋಯಿತು.

ಬೀಜ, ಗೊಬ್ಬರದ ಅಂಗಡಿಯನ್ನು ಮಗ ಗೌರೀಶನಿಗೆ ಒಪ್ಪಿಸಿ ಮನೆಯಲ್ಲಿ ಕೂತ ವರ್ಷವೇ ಪರ್ವತಯ್ಯನವರಿಗೆ ತಲೆನೋವು ಹತ್ತಿಕೊಂಡಿತ್ತು. ಅವರು ಮಲಗುತ್ತಿದ್ದದ್ದು ಹಜಾರದ ಮಂಚದ ಮೇಲೆ. ಅಡುಗೆಮನೆ, ಬಚ್ಚಲು, ಕೋಣೆ ಎಲ್ಲಿಗೆ ಹೋಗಬೇಕಾದರೂ ಹಜಾರ ದಾಟಿಯೇ ಹೋಗಬೇಕು. ಹಾಗಾಗಿ ಮನೆಮಂದಿಯೆಲ್ಲ ಕಾಲಿನ ಸದ್ದಾಗದ ಹಾಗೆ ಓಡಾಡುವುದನ್ನು ಕಲಿತರು. ಟೀವಿ ನಿಂತಿತು. ಪೂಜೆಯ ಊದುಬತ್ತಿ ನಿಂತಿತು. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಬೀದಿ ಕಡೆಯ ಕಿಟಕಿ ಮುಚ್ಚಿತು. ಮಿಕ್ಸಿ ತಿರುಗುವುದು ಅವರು ಸ್ನಾನಕ್ಕೆ ಹೋದಾಗ ಮಾತ್ರ. ಮೊಮ್ಮಗಳು ಅನುಷಾ ನಾಲ್ಕನೇ ಕ್ಲಾಸಿನ ಪದ್ಯಗಳನ್ನು ಅಡುಗೆಮನೆಯ ಮೂಲೆಯಲ್ಲಿ ಕೂತು ಪಿಸುಮಾತಿನಲ್ಲಿ ಬಾಯಿಪಾಠ ಮಾಡುತ್ತಿದ್ದಳು.

ನೋವು ಸುಳ್ಳಾಗಿರಲಿಲ್ಲ. ನೋವು ಏರಿದಾಗ ಅವರು ವಿಭೂತಿಯ ಹಣೆಯನ್ನು ಗೋಡೆಗೆ ಒತ್ತಿಕೊಂಡು ಕೂರುವುದನ್ನು ಎಲ್ಲರೂ ನೋಡಿದ್ದರು. ತುಮಕೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರು, ಹೆದರುವಂಥದ್ದು ಏನೂ ಇಲ್ಲ ಎಂದಿದ್ದರು. ಆ ಮಾತು ಅವರಿಗೆ ಅವಮಾನವಾಗಿ ಕಂಡಿತು. ಅಂದರೆ ನಾನು ನಾಟಕ ಆಡ್ತಿದೀನಾ ಎಂದು ಅವತ್ತು ಊಟವನ್ನೇ ಮಾಡಲಿಲ್ಲ. ತಡೆಯಲಾಗದಷ್ಟು ನೋವು ಬಂದಾಗ ಮಾತ್ರ ನುಂಗಿ ಎಂದು ಬರೆದುಕೊಟ್ಟ ಮಾತ್ರೆಯನ್ನು ಅವರು ದಿನವೂ ನುಂಗತೊಡಗಿದರು. ಅವರಿಗೆ ತಡೆಯಬಲ್ಲ ದಿನ ಎನ್ನುವುದೇ ಇರಲಿಲ್ಲ.

ಈ ತಲೆನೋವಿನ ಚಾಕರಿಯೆಲ್ಲ ಕಮಲಾಕ್ಷಮ್ಮನದು. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಹಣೆಗೆ ಶಾಖ. ಆಮೇಲೆ ಶುಂಠಿ ಕಾಫಿ. ಹತ್ತು ಗಂಟೆಗೆ ಬಜೆ ತೇದು ಪಟ್ಟು. ಮಧ್ಯಾಹ್ನ ತುಳಸಿ ಎಲೆ ಹಾಕಿದ ನೀರಿನ ಹಬೆ. ನಡುನಡುವೆ ಮಂಚದಿಂದ "ಏ ಇವಳೇ" ಎಂಬ ಕೂಗು. ಶಿರಾದಲ್ಲಿರುವ ಮಗಳು ಸುನಿತಾಳ ಹೊಸ ಮನೆಯ ಗೃಹಪ್ರವೇಶಕ್ಕೂ ಆಕೆ ಬೆಳಗಿನ ಬಸ್ಸಿಗೆ ಹೋಗಿ, ಊಟವಾದ ಕೂಡಲೇ ಎಲೆಯಡಿಕೆಯನ್ನೂ ತೆಗೆದುಕೊಳ್ಳದೆ ಹೊರಟು ಬಂದಿದ್ದರು.

ಆ ವರ್ಷದ ಮಾಗಿ ಚಳಿಗೆ ಕಮಲಾಕ್ಷಮ್ಮನಿಗೆ ನೆಗಡಿಯಾಯಿತು. ನೆಗಡಿ ಹೋದರೂ ಮೂಗಿನ ಬಲಹೊಳ್ಳೆ ಕಟ್ಟಿಕೊಂಡೇ ಉಳಿಯಿತು. ಕಸ ಗುಡಿಸಲು ಬಗ್ಗಿದರೆ ಬಲಗೆನ್ನೆಯ ಒಳಗೆ ಏನೋ ತುಂಬಿಕೊಂಡು ಕಣ್ಣಿನ ಬುಡಕ್ಕೆ ಒತ್ತಿದ ಹಾಗಾಗುತ್ತಿತ್ತು. ಮುದ್ದೆ ತೊಳಸುವಾಗ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈಯಲ್ಲಿ ಕೆನ್ನೆ ಒತ್ತಿಕೊಳ್ಳುತ್ತಿದ್ದರು. ಸೊಸೆ ಪ್ರಿಯಾಂಕ ಅದನ್ನು ನೋಡಿ ಏನಾಯಿತೆಂದು ಕೇಳಿದಾಗ, "ದವಡೆ ಹಲ್ಲು ಕಣಮ್ಮ. ಲವಂಗ ಇಟ್ಕೊಂಡಿದೀನಿ, ಹೋಯ್ತದೆ" ಎಂದರು.

ಪ್ರಿಯಾಂಕ ಮಧುಗಿರಿಯ ಹುಡುಗಿ. ಊರಿನಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಎಂಟೂವರೆಗೆ ಅನುಷಾಳನ್ನೂ ಕರೆದುಕೊಂಡು ಹೊರಟರೆ ಬರುವುದು ಸಂಜೆ ನಾಲ್ಕೂವರೆಗೆ. ಅಷ್ಟು ಹೊತ್ತು ಅತ್ತೆ ಮನೆಯಲ್ಲಿ ಹೇಗಿರುತ್ತಾರೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಗಂಡ ಹಬೆ ತೆಗೆದುಕೊಂಡು ಮಲಗಿದ ಮೇಲೆ ಕಮಲಾಕ್ಷಮ್ಮ ಅದೇ ಪಾತ್ರೆಯನ್ನು ಅಡುಗೆಮನೆಗೆ ಒಯ್ದು, ಉಳಿದ ಉಗುರುಬೆಚ್ಚಗಿನ ನೀರಿಗೆ ಮುಖ ಬಗ್ಗಿಸಿ ಸೆರಗು ಮುಚ್ಚಿಕೊಂಡು ಕೂರುತ್ತಿದ್ದರು. ಬೇರೆ ನೀರು ಕಾಯಿಸಿಕೊಳ್ಳಬಹುದಿತ್ತು. ಆದರೆ ಯಾಕೆಂದು ಹಜಾರದಿಂದ ಪ್ರಶ್ನೆ ಬರುತ್ತಿತ್ತು. ಹಿಂದೊಮ್ಮೆ ನನಗೂ ತಲೆ ಸಿಡೀತಿದೆ ಎಂದಾಗ ಪರ್ವತಯ್ಯನವರು, ನನ್ನ ನೋಡಿ ನೋಡಿ ನಿಂಗೂ ಅಂಟ್ಕೊಂತೇನೋ ಎಂದು ನಕ್ಕಿದ್ದರು. ಆಮೇಲೆ ಆಕೆ ಆ ಮಾತನ್ನು ಎತ್ತಿರಲಿಲ್ಲ.

ಕೆನ್ನೆಯ ನೋವಿನ ಜೊತೆಗೆ ಸಂಜೆ ಹೊತ್ತು ಮೈ ಬಿಸಿಯಾಗತೊಡಗಿದಾಗ ಗಂಡನ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ನುಂಗಿದರು. ಅರ್ಧ ಗಂಟೆಯಲ್ಲಿ ಬೆವೆತು ಹಗುರವಾಯಿತು. ರೊಟ್ಟಿ ತಟ್ಟಿದರು, ಪಾತ್ರೆ ತೊಳೆದರು. ಮರುದಿನ ಇನ್ನೊಂದು ನುಂಗಿದರು. ಆ ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಆಯಿತು.

ಡಬ್ಬಿ ಬೇಗ ಬರಿದಾಗುತ್ತಿರುವುದು ಪರ್ವತಯ್ಯನವರ ಕಣ್ಣಿಗೆ ಬಿತ್ತು. ಅವತ್ತು ರಾತ್ರಿ ಊಟಕ್ಕೆ ಅವರೆಕಾಳಿನ ಸಾರು, ಮುದ್ದೆ. ಮಗ, ಸೊಸೆ, ಮೊಮ್ಮಗಳು ತಟ್ಟೆಯ ಮುಂದೆ ಕೂತಿದ್ದರು. ಅವರು ಡಬ್ಬಿಯನ್ನು ತಂದು ನಡುವೆ ಇಟ್ಟರು.

"ಇದನ್ನ ಮುಟ್ಟಿದ್ಯಾರು?"

ಅವರು ಸೊಸೆಯ ಕಡೆ ನೋಡಿದರು. ಹೋದ ತಿಂಗಳು ಹೊಟ್ಟೆನೋವೆಂದು ಮಲಗಿದ್ದು ಅವಳೇ ಅಲ್ಲವೇ ಎಂದರು. ಬೇಕಾದರೆ ಕೇಳಿ ತಗೊಬೇಕು, ಇನ್ನೊಬ್ಬರ ನೋವಿನ ಮಾತ್ರೆ ಕದಿಯುವುದು ಯಾವ ಬುದ್ಧಿ ಎಂದರು.

"ನಿಮ್ಮ ಮಾತ್ರೆ ನಾನ್ಯಾಕೆ ಮುಟ್ಲಿ ಮಾವ?" ಎಂದಳು ಪ್ರಿಯಾಂಕ. "ನೀವೇ ನುಂಗಿ ಮರೆತಿದೀರೇನೋ ನೋಡಿ."

"ಅಂದ್ರೆ ನಂಗೆ ತಲೆ ಕೆಟ್ಟದೆ ಅಂತೀಯಾ?"

ಗೌರೀಶ ತಟ್ಟೆಯಿಂದ ತಲೆ ಎತ್ತದೆ, ಸಾಕು ಬಿಡು ಎಂದು ಹೆಂಡತಿಗೇ ಹೇಳಿದ. ಅನುಷಾ ಮುದ್ದೆಯನ್ನು ಬೆರಳಲ್ಲಿ ಮುರಿಯುತ್ತ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಕಮಲಾಕ್ಷಮ್ಮ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ತಗೊಂಡೆ ಎಂದು ಹೇಳಲು ಬಾಯಿ ತೆರೆದರು. "ಯಾರಿಗಾದ್ರೂ ಸಾರು ಬೇಕಾ?" ಎಂಬ ಮಾತು ಹೊರಗೆ ಬಂತು.

ಆ ರಾತ್ರಿ ಕೋಣೆಯಲ್ಲಿ ಮಗ ಸೊಸೆಯ ಮಾತು ಗೋಡೆಯಾಚೆ ಕಮಲಾಕ್ಷಮ್ಮನಿಗೆ ಕೇಳಿಸಿತು. ಅಪ್ಪಾಜಿ ನೋವಲ್ಲಿರೋರು, ಒಂದು ಮಾತು ತಡ್ಕೋಬಾರ್ದಾ ಎಂದು ಗೌರೀಶ ಕೇಳುತ್ತಿದ್ದ.

"ನೋವಲ್ಲಿರೋರು ಮನೇಲಿರೋರನ್ನ ಕಳ್ಳಿ ಅನ್ಬೋದಾ?" ಎಂದಳು ಪ್ರಿಯಾಂಕ.

ಮರುದಿನದಿಂದ ಅವಳು ಮಾವನ ಜೊತೆ ಮಾತು ಬಿಟ್ಟಳು. ಅತ್ತೆಯ ಜೊತೆಗೂ ಬೇಕಾದಷ್ಟೇ. ಪರ್ವತಯ್ಯನವರು ಡಬ್ಬಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ಕಮಲಾಕ್ಷಮ್ಮ ತಾವೇ ಮೆಡಿಕಲ್ ಸ್ಟೋರಿಗೆ ಹೋಗಿ ಬೇರೆ ತರೋಣವೆಂದುಕೊಂಡರೆ ಅಂಗಡಿಯವರು ಮನೆಯವರಿಗೆಲ್ಲ ಪರಿಚಯ, ಸಂಜೆಯೊಳಗೆ ಮಾತು ಗೌರೀಶನ ಕಿವಿಗೆ ಬೀಳುತ್ತಿತ್ತು. ಮಾತ್ರೆ ನಿಂತ ಮೇಲೆ ಕಮಲಾಕ್ಷಮ್ಮನ ಜ್ವರ ಇಳಿಯಲೇ ಇಲ್ಲ. ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಕೆಲಸ ಮಾಡಿದರು. ಚಳಿಗಾಲವಾದ್ದರಿಂದ ಯಾರಿಗೂ ಅದು ಹೊಸದಾಗಿ ಕಾಣಲಿಲ್ಲ. ಒಮ್ಮೆ ಟಿಫನ್ ಡಬ್ಬಿ ಕೊಡುವಾಗ ಪ್ರಿಯಾಂಕಳ ಕೈಗೆ ಅವರ ಕೈ ತಾಗಿತು. ಮೈ ಸುಡ್ತಿದೆಯಲ್ಲ ಎಂದು ಅವಳು ಕೇಳಿದಳು. ಇಷ್ಟೊತ್ತೂ ಒಲೆ ಮುಂದೆ ಇದ್ದೆನಲ್ಲ ಎಂದರು. ಪ್ರಿಯಾಂಕ ಇನ್ನೊಂದು ಮಾತು ಕೇಳಬೇಕೆಂದುಕೊಂಡಳು. ಮನಸ್ಸಿನ ಕಹಿ ಬಿಡಲಿಲ್ಲ. ಶಾಲೆಗೆ ಹೊತ್ತೂ ಆಗಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ಗೌರೀಶ ಗೊಬ್ಬರದ ಲೋಡಿಗೆಂದು ಬೇಗನೆ ಮಧುಗಿರಿಗೆ ಹೊರಟುಹೋಗಿದ್ದ. ಪ್ರಿಯಾಂಕ ತಲೆ ಬಾಚಿಕೊಂಡು ಅಡುಗೆಮನೆಗೆ ಬಂದಾಗ ಕಮಲಾಕ್ಷಮ್ಮ ಕಾಫಿ ಬಗ್ಗಿಸುತ್ತಿದ್ದರು. ಕಾಫಿ ಲೋಟಕ್ಕೆ ಬೀಳದೆ ಪಕ್ಕದ ಕಟ್ಟೆಯ ಮೇಲೆ ಸುರಿದು ನೆಲಕ್ಕೆ ಹರಿಯುತ್ತಿತ್ತು. ಆಕೆಗೆ ಅದು ತಿಳಿದಂತೆಯೇ ಇರಲಿಲ್ಲ.

"ಅತ್ತೆ, ಕಾಫಿ."

ಕಮಲಾಕ್ಷಮ್ಮ ತಿರುಗಿದರು. ಬಲಗಣ್ಣಿನ ರೆಪ್ಪೆ ಕೆಂಪಗೆ ಊದಿ ಮುಕ್ಕಾಲು ಮುಚ್ಚಿಕೊಂಡಿತ್ತು. ಕೆನ್ನೆಯ ಮೇಲ್ಭಾಗ ಹೊಳೆಯುತ್ತಿತ್ತು.

"ಯಾಕೋ ಎರಡೆರಡು ಕಾಣ್ತಾವೆ ಕಣಮ್ಮ" ಎಂದರು. "ಲೋಟ ಯಾವುದು ಅಂತ್ಲೇ ಗೊತ್ತಾಗ್ಲಿಲ್ಲ."

ಪ್ರಿಯಾಂಕ ಹಣೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಶಾಲೆಗೆ ಫೋನ್ ಮಾಡಿದಳು. ಪಕ್ಕದ ಮನೆಯವರ ಜೊತೆ ಅನುಷಾಳನ್ನು ಕಳಿಸಿದಳು. ಬೀದಿಯ ಕೊನೆಯಿಂದ ಆಟೋ ಕರೆದಳು. ಅತ್ತೆಯ ತೋಳು ಹಿಡಿದು ಹಜಾರಕ್ಕೆ ಬಂದಾಗ ಪರ್ವತಯ್ಯನವರು ಮಂಚದ ಮೇಲೆ ಎದ್ದು ಕೂತಿದ್ದರು. ಎಲ್ಲಿಗೆಂದು ಕೇಳಿದರು. ಅವಳು ಹೇಳಿದಳು. ಹಲವು ದಿನದಿಂದ ಅವರಿಗೆ ಅವಳು ಆಡಿದ ಮೊದಲ ಮಾತು ಅದೇ.

"ಸಾಯಂಕಾಲ ಗೌರೀಶ ಬರ್ತಾನೆ, ಆವಾಗ ಹೋಗ್ಬೋದು" ಎಂದರು ಅವರು. "ಹುಳ ಮುಟ್ಟಿದ್ರೂ ಕಣ್ಣು ಅಂಗೇ ಊದ್ಕತದೆ. ನನ್ನ ತಲೆ ಒಡೆದು ಹೋಯ್ತಿದೆ, ಮೊದ್ಲು ಬಿಸಿನೀರಿಗೆ ಇಡೋಕೆ ಹೇಳು."

"ಇಲ್ಲ ಮಾವ. ಈಗಲೇ ಹೋಗ್ಬೇಕು."

ಹೊಸಿಲು ದಾಟುವ ಹೊತ್ತಿಗೆ ಕಮಲಾಕ್ಷಮ್ಮ ನಿಂತುಬಿಟ್ಟರು. ತೋಳು ಬಿಡಿಸಿಕೊಂಡು ಹಿಂದಕ್ಕೆ ತಿರುಗಿದರು. "ಒಂದು ನಿಮಿಷ ಕಣಮ್ಮ. ನೀರಿಗೆ ಇಟ್ಬುಟ್ಟು ಬಂದೆ."

ಪ್ರಿಯಾಂಕ ಅವರ ಮುಂಗೈ ಹಿಡಿದು ಎಳೆದುಕೊಂಡೇ ಹೋಗಿ ಆಟೋದಲ್ಲಿ ಕೂರಿಸಿದಳು. ಆಟೋ ಬಸ್‌ಸ್ಟ್ಯಾಂಡ್ ದಾಟಿದ ಮೇಲೆ, ಮಾತ್ರೆ ನಾನೇ ತಗೊಂಡಿದ್ದು ಎಂದು ಕಮಲಾಕ್ಷಮ್ಮ ಮೆಲ್ಲಗೆ ಹೇಳಿದರು. ಪ್ರಿಯಾಂಕಳಿಗೆ ಮೈಯೆಲ್ಲ ಉರಿದುಹೋಯಿತು. ಏನಾದರೂ ಅನ್ನಬೇಕೆನಿಸಿತು. ಆದರೆ ಆ ಸುಡುವ ತಲೆ ಅವಳ ಹೆಗಲಿಗೆ ಒರಗಿತ್ತು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಹೆಚ್ಚು ಮಾತಾಡದೆ ಆಂಬುಲೆನ್ಸ್ ಕರೆಸಿ ತುಮಕೂರಿಗೆ ಕಳಿಸಿದರು. ಅಲ್ಲಿ ಮಧ್ಯಾಹ್ನವೇ ಮೂಗಿನ ಒಳಗಿಂದ ದಾರಿ ಮಾಡಿ ಕೀವು ತೆಗೆದರು. ಗೌರೀಶ ಮಧುಗಿರಿಯಿಂದ ನೇರವಾಗಿ ಬಂದಾಗ ಕಮಲಾಕ್ಷಮ್ಮ ವಾರ್ಡಿನಲ್ಲಿದ್ದರು, ಕೈಗೆ ಡ್ರಿಪ್ ಹಾಕಿತ್ತು. ಡಾಕ್ಟರು ಅವನನ್ನೂ ಪ್ರಿಯಾಂಕಳನ್ನೂ ಕೂರಿಸಿಕೊಂಡು ಹೇಳಿದರು.

"ಮೂಗು ಕಟ್ಟೋದು, ಕೆನ್ನೆ ನೋವು, ಸ್ವಲ್ಪ ಜ್ವರ, ಇಷ್ಟನ್ನ ಮನೇಲೇ ನೋಡ್ಕೋಬಹುದು. ಹಬೆ ತಗೊಳ್ಳಿ. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳ್ಕೊಳ್ಳಿ. ರೆಸ್ಟ್ ಮಾಡಿ. ಹತ್ತು ದಿನ ಆದ್ರೂ ಕಮ್ಮಿ ಆಗ್ಲಿಲ್ಲ, ಇಲ್ಲ ಜ್ವರ ಬಿಡದೆ ಕಾಯ್ತಿದೆ ಅಂದ್ರೆ ತೋರಿಸ್ಬೇಕು. ಕಣ್ಣು ಊದಿದ್ರೆ, ಎರಡೆರಡು ಕಂಡ್ರೆ, ಸಂಜೆವರೆಗೂ ಕಾಯೋದು ಅನ್ನೋದೇ ಇಲ್ಲ. ಇವರು ಮಾತ್ರೆ ನುಂಗಿ ಜ್ವರಾನ ಮುಚ್ಚಿಟ್ಕೊಂಡಿದ್ದಾರೆ. ಇವತ್ತೂ ಬರದೆ ಇದ್ದಿದ್ರೆ ಕಣ್ಣು ಹೋಗ್ತಿತ್ತು. ಮನೇಲಿ ಯಾರೂ ನೋಡ್ಲಿಲ್ವಾ?"

ಗೌರೀಶ ಮಾತ್ರೆ ಮನೆಯಲ್ಲಿ ಯಾಕಿತ್ತೆಂದು ಹೇಳಲು ಹೋಗಿ ತಂದೆಯ ತಲೆನೋವಿನ ಕಥೆ ತೆಗೆದ. ಎರಡು ವರ್ಷದಿಂದ ದಿನವೂ ನುಂಗುತ್ತಾರೆಂದು ಕೇಳಿ ಡಾಕ್ಟರು ಕನ್ನಡಕ ತೆಗೆದರು. ಹಾಗೆ ದಿನಾ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ ಎಂದರು. ಅವರನ್ನೂ ಕರೆದುಕೊಂಡು ಬನ್ನಿ, ಬಿಡಿಸಬೇಕು, ಬಿಟ್ಟ ಮೇಲೆ ಮೊದಲ ಒಂದೆರಡು ವಾರ ನೋವು ಇನ್ನೂ ಜಾಸ್ತಿಯೇ ಆಗುತ್ತದೆ, ಆಮೇಲೆ ಇಳಿಯಬಹುದು ಎಂದರು.

ಮನೆಗೆ ಶಿರಾದಿಂದ ಸುನಿತಾ ಬಂದಳು. ಬಂದ ದಿನ ಅಡುಗೆ ಮಾಡಲು ಹೊತ್ತಿಲ್ಲದೆ ಗೌರೀಶ ಹೋಟೆಲಿಂದ ಇಡ್ಲಿ ತಂದಿದ್ದ. ಚಟ್ನಿಗೆ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಬಿದ್ದಿತ್ತು. ಪರ್ವತಯ್ಯನವರು ಒಂದೂ ಮಾತಿಲ್ಲದೆ ತಿಂದು, ಚಟ್ನಿ ಇನ್ನಷ್ಟು ಹಾಕಿಸಿಕೊಂಡು, ಮಲಗಿ ನಿದ್ದೆಹೋದರು. ಸುನಿತಾ ಇದನ್ನು ಫೋನಿನಲ್ಲಿ ತಾಯಿಗೆ ಹೇಳಿದಳು. ಕಮಲಾಕ್ಷಮ್ಮ, "ಎಷ್ಟು ಇಡ್ಲಿ ತಿಂದ್ರು?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ಹಗಲು ಪ್ರಿಯಾಂಕ ಇರುತ್ತಿದ್ದಳು. ಊತ ಇಳಿದು ಕಣ್ಣು ತೆರೆಯುವಂತಾದ ದಿನ ಗಂಜಿ ಕುಡಿಸಿ ಬಾಯಿ ಒರೆಸುವಾಗ ಕಮಲಾಕ್ಷಮ್ಮ ಅವಳ ಕೈ ಹಿಡಿದುಕೊಂಡರು. ಇಲ್ಲಿ ಚೆನ್ನಾಗಿ ನಿದ್ದೆ ಬರುತ್ತಿದೆ, ಯಾರೂ ಕೂಗುವುದಿಲ್ಲ ಎಂದರು. ಆಮೇಲೆ, "ಅವತ್ತು ಊಟಕ್ಕೆ ಕೂತಾಗ ನಾನು ಬಾಯಿ ಬುಡ್ಬೇಕಿತ್ತು" ಎಂದರು.

"ಬಿಡ್ಬೇಕಿತ್ತು ಅತ್ತೆ" ಎಂದಳು ಪ್ರಿಯಾಂಕ.

ಪ್ರಿಯಾಂಕ ಗಂಜಿ ಲೋಟ ತೊಳೆಯಲು ಹೋದಳು.

ಅದೇ ವಾರದಲ್ಲಿ ಗೌರೀಶ ತಂದೆಯನ್ನೂ ಡಾಕ್ಟರ ಬಳಿಗೆ ಕರೆತಂದ. ನೋವಿಗೆ ಕೊಟ್ಟ ಮಾತ್ರೆಯೇ ನೋವು ಕೊಡುತ್ತದೆ ಎಂಬ ಮಾತನ್ನು ಪರ್ವತಯ್ಯನವರು ಒಪ್ಪಲಿಲ್ಲ. ಡಾಕ್ಟರು ಮತ್ತೆ ಮತ್ತೆ ಹೇಳಿದ ಮೇಲೆ, ಬೇರೆ ಔಷಧಿ ಬರೆಸಿಕೊಂಡು, ಡಬ್ಬಿಯನ್ನು ಮಗನ ಕೈಗೆ ಕೊಟ್ಟರು. ಮನೆಗೆ ಬಂದ ಮಾರನೆಯ ದಿನದಿಂದ ಅವರಿಗೆ ಹಿಂದೆಂದೂ ಇಲ್ಲದ ನೋವು ಶುರುವಾಯಿತು. ವಾಂತಿಯಾಯಿತು. ಮಂಚದ ಮೇಲೆ ಮುದುಡಿಕೊಂಡು ಮಲಗಿ ನರಳತೊಡಗಿದರು.

ಕಮಲಾಕ್ಷಮ್ಮ ಡಿಸ್ಚಾರ್ಜ್ ಆಗಿ ಮನೆಗೆ ಬಂದದ್ದು ಆ ನರಳಾಟದ ನಡುವೆಯೇ. ಸುನಿತಾ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಅಮ್ಮನ ಸೀರೆಗಳನ್ನು ಬ್ಯಾಗಿಗೆ ತುಂಬಿದ್ದಳು. ಗಂಡ ಭಾನುವಾರ ಕಾರು ತರುತ್ತಾನೆ, ಒಂದು ತಿಂಗಳು ಶಿರಾದಲ್ಲೇ ಇರಲಿ, ಅಲ್ಲಿ ಬಿಸಿನೀರು ಮುಟ್ಟಲೂ ಬಿಡುವುದಿಲ್ಲ ಎಂದಳು. ಕಮಲಾಕ್ಷಮ್ಮ ಹೂಂ ಎಂದರು. ಮುಖದಲ್ಲಿ ಗೆಲುವು ಬಂದದ್ದನ್ನು ಎಲ್ಲರೂ ನೋಡಿದರು.

ಶನಿವಾರ ಸಂಜೆ ಹಿತ್ತಲ ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಬಚ್ಚಲ ಬಳಿ ಮಗ ಸೊಸೆಯ ಮಾತು ಕೇಳಿಸಿತು.

"ಅಮ್ಮ ಬರೋವರೆಗೂ ನೀನು ರಜೆ ಹಾಕು" ಎನ್ನುತ್ತಿದ್ದ ಗೌರೀಶ. "ಅಪ್ಪಾಜಿ ಹತ್ರ ಯಾರಾದ್ರೂ ಇರ್ಲೇಬೇಕಲ್ಲ."

"ಒಂದು ತಿಂಗಳು ಯಾರು ಕೊಡ್ತಾರೆ? ಬೇರೆಯವರನ್ನ ತಗೋತಾರೆ ಅಷ್ಟೆ."

"ತಗೊಳ್ಳಿ ಬಿಡು. ಆಮೇಲೆ ಇನ್ನೊಂದು ಸ್ಕೂಲ್ ನೋಡಿದ್ರಾಯ್ತು."

"ನೀವು ಅಂಗಡಿ ಮುಚ್ತೀರಾ?"

ಕಮಲಾಕ್ಷಮ್ಮನ ಕೈಯಲ್ಲಿ ಕಾಯಿ ಹಾಗೇ ಉಳಿಯಿತು.

ಭಾನುವಾರ ಕಾರು ಬಂತು. ಕಮಲಾಕ್ಷಮ್ಮ ಅಳಿಯನಿಗೆ ಕಾಫಿ ಕೊಡಿಸಿ, ಈಗ ಬರುವುದಿಲ್ಲ ಎಂದರು. ಸುನಿತಾ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದಳು. "ಸಾಯೋವರೆಗೂ ಈ ಹಜಾರ ಕಾಯ್ತಾ ಇರು" ಎಂದು ಕಣ್ಣೀರು ಹಾಕಿಕೊಂಡು ಕಾರು ಹತ್ತಿದಳು. ಸೀರೆಗಳನ್ನು ಪ್ರಿಯಾಂಕ ಮತ್ತೆ ಬೀರುವಿನಲ್ಲಿ ಇಟ್ಟಳು. ಯಾಕೆ ಉಳಿದಿರಿ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಸೋಮವಾರ ಪ್ರಿಯಾಂಕ ಶಾಲೆಗೆ ಹೋದಳು. ಗೌರೀಶ ಅಂಗಡಿಗೆ ಹೋದ. ಮಧ್ಯಾಹ್ನವೆಲ್ಲ ಪರ್ವತಯ್ಯನವರ ನೋವು ಏರುತ್ತ ಇಳಿಯುತ್ತ ಇತ್ತು. ಮೂರು ಗಂಟೆಯ ಹೊತ್ತಿಗೆ ಸ್ವಲ್ಪ ತಗ್ಗಿತು. ಕಮಲಾಕ್ಷಮ್ಮ ಕಣ್ಣಿಗೆ ಔಷಧಿಯ ಹನಿ ಬಿಟ್ಟುಕೊಂಡು, ಕೋಣೆಯ ಕುರ್ಚಿಯನ್ನು ಎಳೆದು ತಂದು ಮಂಚದ ಪಕ್ಕ ಹಾಕಿಕೊಂಡು ಕೂತರು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಸದ್ದಾಯಿತು. ಪರ್ವತಯ್ಯನವರು ಮುಖ ಗಂಟಿಕ್ಕಿದರು.

"ಮಾತ್ರೆ ತಗೊಂಡಿದ್ದು ನಾನು" ಎಂದರು ಕಮಲಾಕ್ಷಮ್ಮ. "ಆ ಮಗಿಗೆ ಕಳ್ಳಿ ಅಂದ್ರಿ. ಅವಳು ಬಂದ ತಕ್ಷಣ ತಪ್ಪಾಯ್ತು ಅಂತ ಹೇಳಿ."

ಗೌರೀಶ ಇದನ್ನೆಲ್ಲ ಮೊದಲೇ ಹೇಳಿದ್ದ. ಅವರಿಗೆ ಹೊಸದೇನೂ ಆಗಿರಲಿಲ್ಲ. ನನ್ನ ತಲೆ ಹಿಂಗಿರೋವಾಗ ಇದೆಲ್ಲ ಯಾಕೆ ಎಂದು ಗೋಡೆಯ ಕಡೆಗೆ ಹೊರಳಿದರು.

"ನಂಗೂ ನೋಯ್ತದೆ" ಎಂದರು ಕಮಲಾಕ್ಷಮ್ಮ. "ಮೂಗೊಳಗೆ ಕುಯ್ದವ್ರೆ. ಮಗಳ ಮನೆಗೆ ಹೋಗೋದೂ ಬುಟ್ಟು ಇಲ್ಲಿ ಕೂತಿದೀನಿ. ನೀವು ಹೇಳೋವರೆಗೂ ಏಳಲ್ಲ. ಶಾಖನೂ ಇಲ್ಲ, ಹಬೆನೂ ಇಲ್ಲ."

ಅವರು ಗೋಡೆಯಿಂದ ಮುಖ ತಿರುಗಿಸಲಿಲ್ಲ. ಇವರೂ ಏಳಲಿಲ್ಲ. ಹಾಲಿನವನು ಬಂದು ಬಾಗಿಲಲ್ಲಿ ಕರೆದು, ಯಾರೂ ಬಾರದಿದ್ದದ್ದಕ್ಕೆ ಪ್ಯಾಕೆಟ್ಟನ್ನು ಜಗುಲಿಯ ಮೇಲಿಟ್ಟು ಹೋದ. ನಾಲ್ಕೂವರೆಯ ಸುಮಾರಿಗೆ ಗೇಟು ಕಿರ್ ಎಂದಿತು. ಅನುಷಾ ಹಾಲಿನ ಪ್ಯಾಕೆಟ್ ಹಿಡಿದು ತುದಿಗಾಲಲ್ಲಿ ಅಡುಗೆಮನೆಗೆ ಓಡಿದಳು. ಪ್ರಿಯಾಂಕ ಚಪ್ಪಲಿ ಬಿಟ್ಟು ಒಳಗೆ ಬಂದು, ಅತ್ತೆ ಕುರ್ಚಿಯಲ್ಲಿ ಕೂತಿರುವುದನ್ನು ನೋಡಿ ಏನೋ ಆಗಿದೆ ಎಂದುಕೊಂಡು ನಿಂತಳು.

ಪರ್ವತಯ್ಯನವರು ಗೋಡೆಯ ಕಡೆ ಮುಖ ಇಟ್ಟುಕೊಂಡೇ, "ಮಾತ್ರೆ ನೀನು ತಗೊಂಡಿರ್ಲಿಲ್ವಂತೆ" ಎಂದರು.

ಪ್ರಿಯಾಂಕ ಹೆಗಲಿನ ಬ್ಯಾಗು ಇಳಿಸಲಿಲ್ಲ. "ಅಂತೆ ಅಲ್ಲ ಮಾವ. ತಗೊಂಡಿರ್ಲಿಲ್ಲ."

"ಹೂಂ" ಎಂದರು ಪರ್ವತಯ್ಯನವರು. "ತಗೊಂಡಿರ್ಲಿಲ್ಲ. ನಾನು ಅನ್ಬಾರ್ದಿತ್ತು."

ಆಮೇಲೆ ಅವರಿಗೆ ಮತ್ತೆ ನೋವು ಏರಿತು. ಹಣೆ ಹಿಡಿದುಕೊಂಡು, "ನೀರು" ಎಂದರು. ಯಾರಿಗೆ ಹೇಳಿದರೆಂದು ತಿಳಿಯಲಿಲ್ಲ. ಪ್ರಿಯಾಂಕ ಅತ್ತೆಯನ್ನು ನೋಡಿದಳು. ಕಮಲಾಕ್ಷಮ್ಮ ಸೊಸೆಯನ್ನು ನೋಡಿದರು. ಏಳಲೆಂದು ಕುರ್ಚಿಯ ಕೈ ಹಿಡಿದವರು ಹಾಗೆಯೇ ಕೂತರು.

"ನೀರಿನ ಚೊಂಬು ಅಲ್ಲೇ ತಲೆ ಹತ್ರ ಕಿಟಕಿ ಕಟ್ಟೆ ಮೇಲದೆ" ಎಂದರು.

ಬಹಳ ಹೊತ್ತು ಮಂಚದಲ್ಲಿ ಅಲುಗಾಟವಿರಲಿಲ್ಲ. ಕೊನೆಗೆ ಪರ್ವತಯ್ಯನವರು ಈ ಕಡೆಗೆ ಹೊರಳಿ, ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, ಕಟ್ಟೆಯ ಮೇಲೆ ತಡಕಾಡತೊಡಗಿದರು.